ಬಾಗಿಲಿಗಿಟ್ಟ ಕಲ್ಲು

ತವೆಯುನಿ ದ್ವೀಪದಿಂದ ದೋಣಿ ಹತ್ತಿ ಬಂದ ಮೆರೆಯೋನಿಯ ಮಲತಂದೆ, ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಚಾಪೆಯ ಮೇಲೆ ಮಂಡಿಯೂರಿದ್ದ. ಅಲ್ಲಿಯ ಪದ್ಧತಿಯಂತೆ ಮನೆತನದ ಹಿರಿಯರು ಅದನ್ನು ಮುಟ್ಟಿದರೆ ಮುಗಿಯಿತು, ಮಾಡಿದ್ದೆಲ್ಲ ಮಾಫಿ. ಆಮೇಲೆ ಯಾರೂ ಆ ಮಾತೆತ್ತುವ ಹಾಗಿಲ್ಲ. ದೊಡ್ಡಪ್ಪ ಕೈ ಚಾಚಿದರು. ಮೆರೆಯೋನಿ ಆ ಕೈಯನ್ನು ಹಿಡಿದುಕೊಂಡಳು.

"ಬಿಡೇ. ವಯಸ್ಸಾದೋನು ಮನೆ ಬಾಗಿಲಿಗೆ ಬಂದಿದಾನೆ. ಊರು ಏನನ್ನುತ್ತೆ?"

"ಕೊಬ್ಬರಿ ಒಣಗಿಸೋ ಗೂಡಲ್ಲಿ, ಆ ಹೊಗೇಲಿ, ಹೊರಗಿಂದ ಚಿಲಕ ಹಾಕಿ ಇವನು ಚಿಕ್ಕಂದಿನಲ್ಲಿ ಕೂಡಿಹಾಕಿದ್ದು ನನ್ನನ್ನ, ದೊಡ್ಡಪ್ಪ. ಆಗ ಊರು ಏನಂದಿತ್ತು? ಕ್ಷಮಿಸೋದು ಬಿಡೋದು ನಂದು. ನಾನು ಕ್ಷಮಿಸಲ್ಲ."

ಮುದುಕ ಹಲ್ಲನ್ನು ಮಡಿಲಿಗಿಳಿಸಿ ನಕ್ಕ. "ಇನ್ನೂ ಅದೇ ಹಟ. ಬಾಗಿಲು ಮುಚ್ಚಿದ್ರೆ ಈಗ್ಲೂ ಉಚ್ಚೆ ಹೊಯ್ಕೋತಾಳಾ, ಅವಳ ಗಂಡನ್ನೇ ಕೇಳಿ."

ಗಂಡ ಅಪೆನಿಸ ಮುಷ್ಟಿ ಬಿಗಿದು ಎದ್ದ. ಮುಚ್ಚಿದ ಬಾಗಿಲ ಹಿಂದೆ ಅವಳಿಗೆ ಉಸಿರು ಕಟ್ಟುತ್ತದೆಂದು, ಮದುವೆಯಾದ ದಿನವೇ ಬಾಗಿಲು ಮುಚ್ಚಿಕೊಳ್ಳದಂತೆ ಹವಳದ ಕಲ್ಲು ಇಟ್ಟವನು ಅವನು.

"ನೀನು ಕೂತ್ಕೋ, ಅಪೆ," ಎಂದಳು ಮೆರೆಯೋನಿ. ಮಲತಂದೆಯತ್ತ ತಿರುಗಿ, "ನೀನು ಎದ್ದೇಳು. ನಿನ್ನ ಹಲ್ಲೂ ತಗೊಂಡು ನಡಿ," ಎಂದಳು.

ಅವನು ಗೊಣಗುತ್ತ ಹೊಸ್ತಿಲು ದಾಟಿದ. ಅವಳು ಕಲ್ಲನ್ನು ಕಾಲಿನಿಂದ ಸರಿಸಿ ಬಾಗಿಲು ಮುಚ್ಚಿದಳು. ಅಪೆ ಅವಳನ್ನೇ ನೋಡುತ್ತಿದ್ದ. ಅವಳು ಚಿಲಕ ಹಾಕಿದಳು. ಈ ಬಾಗಿಲಿಗೆ ಚಿಲಕ ಒಳಗಡೆ ಇತ್ತು.