ಬೈಯುವವರು ಬೇಕಾಗಿದ್ದಾರೆ

ಬ್ಯಾಟರಿಗಳೆಲ್ಲ ಮನುಷ್ಯರ ಮಾತಿನಿಂದಲೇ ತುಂಬುವ ಕಾಲವದು. ತಾನೇ ಆಡಿದ ಮಾತು ತನ್ನ ಬ್ಯಾಟರಿಗೆ ಹತ್ತುವುದಿಲ್ಲ. ಇನ್ನೊಬ್ಬರು ನಮಗೆಂದೇ ಆಡಬೇಕು. ಅವ್ವ ಇರುವತನಕ ಶಿವಪುತ್ರನ ಪುಟ್ಟ ರಿಮೋಟ್ ಕಾರು ಆಕೆ ಹೇಳಿಕೊಡುತ್ತಿದ್ದ ವಚನಗಳಿಂದಲೇ ತುಂಬಿಕೊಳ್ಳುತ್ತಿತ್ತು. ಈಗ ಆತ ಪ್ರಾಯೋಜಕರನ್ನು ಹುಡುಕುತ್ತ ಗದಗಿನ ಅಂಗಡಿ ಅಂಗಡಿ ಅಲೆದು, ಕೊನೆಗೆ ನೀಲವ್ವನ ಹಿಟ್ಟಿನ ಗಿರಣಿಗೆ ಬಂದಿದ್ದ. ಸಂಜೆಗೇ ರೇಸು, ಕಾರಿನಲ್ಲಿ ಒಂದು ಸುತ್ತಿಗಾಗುವಷ್ಟೂ ಚಾರ್ಜು ಇರಲಿಲ್ಲ.

"ಕಾರಿನ ಮ್ಯಾಲೆ ನಿಮ್ಮ ಗಿರಣಿ ಹೆಸರು ಬರಸ್ತೀನ್ರಿ ಅಕ್ಕಾರ. ಚೂರು ನನ್ನ ಕೂಡ ಮಾತಾಡ್ರಿ."

"ಏನಂತ ಮಾತಾಡ್ಲೋ ತಮ್ಮಾ?"

"ಬೈದ್ರೂ ನಡೀತೈತ್ರಿ."

"ಬೈಯಾಕ ನೀ ನನಗೇನಾಗಬೇಕು?" ಎಂದು ನಕ್ಕ ನೀಲವ್ವ, ಕೈಯ ಹಿಟ್ಟು ಕೊಡವಿಕೊಂಡು ಶುರುಮಾಡಿದಳು. "ಇಷ್ಟು ದೊಡ್ಡಾಂವಾಗಿ ಆಟಗಿ ಕಾರು ಹಿಡಕೊಂಡು ತಿರಗ್ತೀಯಲ್ಲ, ನಾಚಿಕಿ ಬರಂಗಿಲ್ಲ? ಮಾರಿ ನೋಡು, ಹೆಂಗ ಬಾಡೈತಿ. ಮಧ್ಯಾಹ್ನ ಉಂಡೀಯೋ ಇಲ್ಲೋ?"

ಬ್ಯಾಟರಿ ತುಂಬಿ ಕಾರಿನ ಹಸಿರು ದೀಪ ಹತ್ತಿತು. ಮೈದಾನದ ಕಡೆಯಿಂದ ರೇಸಿಗೆ ಕರೆಯುವ ಸೀಟಿಯೂ ಕೇಳಿಸಿತು.

ಶಿವಪುತ್ರ ದೀಪವನ್ನು ಅಂಗೈಯಿಂದ ಮುಚ್ಚಿಕೊಂಡ.

"ಇನ್ನೂ ತುಂಬಿಲ್ರಿ ಅಕ್ಕಾರ," ಎಂದ.