ಅಪ್ಪನ ವೇಷದ ಸೀರೆ

ಮಕ್ಕಳೇ, ಇಂದು ಪೆಟ್ಟಿಗೆ ತೆಗೆದಾಗ ನುಸಿಗುಳಿಗೆಯ ವಾಸನೆಗೆ ಭಟ್ಕಳದ ಒಂದು ಮಧ್ಯಾಹ್ನ ನೆನಪಾಯಿತು.

ಊರಲ್ಲಿ ಹಿಂದೂ-ಮುಸ್ಲಿಂ ಗಲಾಟೆಯಾದ ಮೇಲೆ ನಮ್ಮ ಮೀನುಗಾರರ ಕೇರಿಯವರೂ ಪಕ್ಕದ ಮುಸ್ಲಿಮರ ಕೇರಿಯವರೂ ಮಾತು ಬಿಟ್ಟಿದ್ದರು. ಎಲ್ಲರನ್ನೂ ಮತ್ತೆ ಒಂದೆಡೆ ಕೂರಿಸಬೇಕೆಂದು ಅಪ್ಪ ಯಕ್ಷಗಾನ ಇಟ್ಟುಕೊಂಡ. ಯುದ್ಧ ಬೇಡವೆನ್ನುವ ತಾಯಿಯ ವೇಷ ಅವನದು. ಅವನ ಸ್ತ್ರೀವೇಷಕ್ಕೆ ಪ್ರತಿವರ್ಷ ರೇಷ್ಮೆಸೀರೆ ಬರುತ್ತಿದ್ದುದು ಆ ಕೇರಿಯ ಜುಲೇಖಕ್ಕನ ಮನೆಯಿಂದ. ಈ ಸಲ ಕೊಡುತ್ತಾಳೋ ಇಲ್ಲವೋ ಎಂಬ ಅಳುಕಿನಲ್ಲಿ ಅಮ್ಮ, ನಮ್ಮ ಆಯಿ, ನನ್ನನ್ನು ಕಳಿಸಿ, ತಾನು ಓಣಿಯ ತುದಿಯಲ್ಲೇ ನಿಂತಳು.

ಜುಲೇಖಕ್ಕ ನನ್ನನ್ನು ಒಳಗೆ ಕರೆದು ಪೆಟ್ಟಿಗೆ ತೆರೆದಳು. ನುಸಿಗುಳಿಗೆಯ ವಾಸನೆಯ ತಣ್ಣನೆಯ ನೀಲಿ ಸೀರೆ ತೆಗೆದು ನನ್ನ ಕೈಗಿಟ್ಟಳು.

"ಹೋದ ಸಲ ನಿನ್ನಪ್ಪ ಸೆರಗಿಗೆಲ್ಲ ಬಣ್ಣ ಮೆತ್ತಿದ್ದ. ಈ ಸಲನೂ ಮೆತ್ತಿದ್ರೆ ಮುಂದಿನ ವರ್ಷ ಕೊಡೂದಿಲ್ಲ ಹೇಳು."

ಆಯಿಗೆ ಹಾಗೇ ಹೇಳಿದೆ.

"ಎಂತ, ಮುಂದಿನ ವರ್ಷ ಅಂದ್ಲಾ?"

ನಾನು ಹೌದೆಂದೆ. ಆಯಿ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.