ಕರಿ ಕಂಬಳಿಯ ಪುಟ

ಕೇಶರಬಾಯಿ ‘ಕಂಬಳಿ’ ಎಂದು ಟೈಪ್ ಮಾಡಿದಾಗ ಪರದೆಯ ತುಂಬ ಹುಲಿ, ಗುಲಾಬಿ, ನವಿಲು ಬಂದವು. ಎಲ್ಲವೂ ಪಾಲಿಸ್ಟರ್ ಹೊದಿಕೆಗಳು. ಎಷ್ಟು ಕೆಳಗೆ ಸರಿಸಿದರೂ ಅವೇ. ದುಡಿಯಲು ಹೈದರಾಬಾದು, ಪುಣೆಯ ದಾರಿ ಹಿಡಿದವರು ಔರಾದದ ವಸತಿನಿಲಯದಲ್ಲಿ ಬಿಟ್ಟುಹೋದ ಮಕ್ಕಳಿಗೆ ಹೊದಿಕೆ ಕೊಳ್ಳಬೇಕಿತ್ತು. ಮಳೆ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಮಕ್ಕಳು ಹೆಚ್ಚಾಗಿದ್ದರು, ಚಳಿ ಆಗಲೇ ಬಿದ್ದಿತ್ತು. ವಸತಿನಿಲಯ ನಡೆಸುವ ಸಂಸ್ಥೆಯ ಖರೀದಿಯೆಲ್ಲ ಅವಳದೇ. ಮೊದಲಾದರೆ ಬೀದರಿನ ಅಂಗಡಿ ಅಂಗಡಿ ತಿರುಗಿ, ಮುಟ್ಟಿ ನೋಡಿ, ಚೌಕಾಸಿ ಮಾಡಿ ತರುತ್ತಿದ್ದಳು. ಈಗ ಏನು ಕೊಂಡರೂ ಕಂಪ್ಯೂಟರಿನ ಕ್ಯಾಟಲಾಗಿನಲ್ಲೇ ಹುಡುಕಿ ಕೊಳ್ಳಬೇಕೆಂದು ನಿಯಮವಾಗಿತ್ತು.

“ಯಾವುದರೆ ಒಂದು ಆರಿಸ್ರಿ ಬಾಯಾರ,” ಎಂದ ಪಕ್ಕದ ಮೇಜಿನ ಲೆಕ್ಕಿಗ ಪಂಢರಿ. “ಚಿತ್ರದಾಗ ಎಲ್ಲಾ ಬೆಚ್ಚಗೇ ಕಾಣ್ತಾವ.”

ಕಿಟಕಿಯ ಕೆಳಗೆ ಬೀದರಿನ ಕಾಳಿನ ಪೇಟೆ, ಗಾಂಧಿ ಗಂಜ, ಸಪ್ಪಗೆ ಬಿದ್ದಿತ್ತು. ತೊಗರಿ ಬಾರದ ವರ್ಷ. ಹಮಾಲರು ಖಾಲಿ ಕೈಗಾಡಿಗಳ ಮೇಲೆಯೇ ಕಾಲು ಚಾಚಿ ಮಲಗಿದ್ದರು. ಅವಳಿಗೆ ಬೇಕಾಗಿದ್ದದ್ದು ಕುರುಬರು ನೇಯ್ದ ಕರಿ ಕಂಬಳಿ. ಎಪ್ಪತ್ತೆರಡರ ಬರದಲ್ಲಿ ಅವಳಿನ್ನೂ ಫ್ರಾಕು ತೊಡುವ ಹುಡುಗಿ. ಅಪ್ಪ ಕೆಲಸ ಹುಡುಕಿಕೊಂಡು ಭಾಲ್ಕಿಯಲ್ಲಿ ರೈಲು ಹತ್ತಿದ್ದ. ಅವ್ವ ಬೆಳಗಾಗುವ ಮೊದಲೇ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋಗುತ್ತಿದ್ದಳು. ಆಗ, ಪಕ್ಕದ ಹೊಲದಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದ ಒಬ್ಬ ಕುರುಬರ ಮುದುಕಿ ನಡುಗುವ ಹುಡುಗಿಯನ್ನು ಕಂಡು, ಏನನ್ನೂ ಕೇಳದೆ ತನ್ನ ಕಂಬಳಿಯೊಳಗೆ ಸೇರಿಸಿಕೊಂಡಿದ್ದಳು. ಊರಿನಲ್ಲಿ ಅಂಥವರ ಮನೆಯ ಹೊಸ್ತಿಲು ತುಳಿಯಲು ಇವರ ಜಾತಿಯವರಿಗೆ ಬಿಡುತ್ತಿರಲಿಲ್ಲ. ಆ ಚಳಿಗಾಲ ಮಾತ್ರ ಕಂಬಳಿಯೇ ಹೊಸ್ತಿಲು ದಾಟಿ ಬಂದಿತ್ತು. ಕುತ್ತಿಗೆಗೆ ಚುಚ್ಚುತ್ತಿದ್ದ ಆ ಉಣ್ಣೆ, ಮೈಮೇಲೆ ಬೀಳುತ್ತಿದ್ದ ಆ ಭಾರ ಅವಳಿಗೆ ಇವತ್ತಿಗೂ ಮರೆತಿಲ್ಲ.

ಗಡಿಯಾಚೆಯ ಸಂತೆಗಳಲ್ಲಿ ಅದಕ್ಕೆ ಘೋಂಗಡಿ ಎನ್ನುತ್ತಿದ್ದದ್ದು ನೆನಪಾಯಿತು. ಹಾಗೇ ಟೈಪ್ ಮಾಡಿದಳು. ಒಂದೇ ಒಂದು ಬಂತು. ಮಣ್ಣಿನ ಗೋಡೆಗೆ ಇಳಿಬಿಟ್ಟ ಕರಿ ಕಂಬಳಿ, ಗೋಡೆಯಾಚೆ ಬೇಲಿಯೊಳಗೆ ಒತ್ತೊತ್ತಾಗಿ ನಿಂತ ಕುರಿಗಳು. ಮಾರುವವರು: ಮಡೆಪ್ಪ, ತಾಲೂಕು ಔರಾದ. ಸರಕು: ಲಭ್ಯವಿದೆ. ಕೇಶರಬಾಯಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಅಲ್ಲಿದ್ದ ನಂಬರಿಗೆ ಫೋನ್ ಹಚ್ಚಿದಳು.

ಆ ಕಡೆ ಯಾವುದೋ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಮೊದಲು ಹಿಂದಿಯಲ್ಲಿ ಮಾತಾಡಿದವನು ಇವಳ ಕನ್ನಡ ಕೇಳಿದ್ದೇ ದನಿ ಬದಲಿಸಿದ. ವಸತಿನಿಲಯಕ್ಕೆ ಅರವತ್ತು ಕಂಬಳಿ ಬೇಕೆಂದು ಅವಳು ಹೇಳಿದಳು.

“ಸರಕು ಇಲ್ರಿ ಬಾಯಾರ,” ಎಂದ ಮಡೆಪ್ಪ. “ಕುರಿನೇ ಇಲ್ಲ ಅಂದಮ್ಯಾಲ ಉಣ್ಣಿ ಎಲ್ಲಿಂದ ತರ್ಲಿ?”

ಆಮೇಲೆ ತಾನಾಗಿಯೇ ಹೇಳಿದ. ಮೇವು ಮುಗಿಯಿತು, ಬಾವಿಯೂ ಬತ್ತಿತು. ಹಿಂಡನ್ನೆಲ್ಲ ಮಾರಿ ಒಂದೇ ಲಾರಿಗೆ ಏರಿಸಿಕೊಟ್ಟು, ಮಗ್ಗದ ಕಟ್ಟಿಗೆ ಬಿಚ್ಚಿ ಮನೆಯಲ್ಲಿಟ್ಟು, ಬೀಗ ಹಾಕಿ, ತಾಯಿಯನ್ನು ಕರೆದುಕೊಂಡು ಹೈದರಾಬಾದಿಗೆ ಬಂದಿದ್ದ. ಇಲ್ಲಿ ಕಟ್ಟಡದ ಮೇಲೆ ಸಿಮೆಂಟು ಹೊರುವ ಕೆಲಸ. ಫೋಟೋ ತೆಗೆದು ಕ್ಯಾಟಲಾಗಿಗೆ ಹೆಸರು ಹಾಕಿದ್ದು ಕುರಿ ಇದ್ದ ಕಾಲದಲ್ಲಿ, ಊರಿಗೆ ತರಬೇತಿ ಕೊಡಲು ಬಂದವರು. ಆಮೇಲೆ ಅದನ್ನು ನೋಡಿ ಫೋನ್ ಮಾಡಿದವಳು ಇವಳೇ ಮೊದಲು.

ಇತ್ತ ಪಂಢರಿ ನಿಯಮ ನೆನಪಿಸಿದ. ಸರಕಿಲ್ಲದೆ ‘ಲಭ್ಯವಿದೆ’ ಎಂದಿದ್ದರೆ ದೂರು ಕೊಡಬೇಕು. ಕೊಟ್ಟರೆ ಆ ಪುಟ ಕಿತ್ತುಹೋಗುತ್ತದೆ. ಕೇಶರಬಾಯಿ ಅದನ್ನೇ ಮಡೆಪ್ಪನಿಗೆ ತಿಳಿಸಿದಳು. ದೂರಿನ ಗುಂಡಿಯ ಮೇಲೆ ಬಾಣದ ಗುರುತು ತಂದು ನಿಲ್ಲಿಸಿಯೂ ಆಗಿತ್ತು.

“ತೆಗಿಸಬ್ಯಾಡ್ರಿ,” ಎಂದ ಅವನು. “ಆ ಫೋಟೋ ನಮ್ಮ ಕಡಿ ಇಲ್ಲ. ನಮ್ಮವ್ವ ಸಂಜಿಕಿ ಒಮ್ಮೆ ಮೊಬೈಲ್‌ದಾಗ ಅದನ್ನ ತೆಗಿಸಿ ನೋಡ್ತಾಳ. ಕಂಬಳಿ ನೋಡಲ್ರಿ ಆಕಿ. ಕುರಿ ನೋಡ್ತಾಳ.”

ಯಾರ ಫೋನು ಎಂದು ಹಿಂದಿನಿಂದ ಮುದಿ ದನಿಯೊಂದು ಕೇಳಿತು. ನಮ್ಮ ಊರ ಕಡೆಯವರದು ಎಂದು ಮಗ ಹೇಳಿದ್ದೇ ತಡ, ಫೋನು ತಾಯಿಯ ಕೈಗೆ ಹೋಯಿತು. ಹೆಸರು ಭೀಮಬಾಯಿ ಎಂದು ಅವಳೇ ಹೇಳಿಕೊಂಡಳು. ಊರ ಕಡೆ ಮೋಡ ಏನಾದರೂ ಕಟ್ಟಿದೆಯೇ, ಕೆರೆಯಲ್ಲಿ ಒಂದಿಷ್ಟಾದರೂ ನೀರು ಉಳಿದಿದೆಯೇ ಎಂದು ವಿಚಾರಿಸಿದಳು. ಕಂಬಳಿ ಯಾರಿಗೆ ಎಂದು ಕೇಳಿ, ಗುಳೆ ಹೋದವರ ಮಕ್ಕಳಿಗೆ ಎಂದು ತಿಳಿದ ಮೇಲೆ, ಒಂದು ಹಿಡಿ ಉಣ್ಣೆ ಇದ್ದಿದ್ದರೂ ಇಲ್ಲಿಯೇ ಕೂತು ನೂಲುತ್ತಿದ್ದೆ ಎಂದಳು.

ಕೊನೆಗೆ ಔರಾದಕ್ಕೆ ಹೋದದ್ದು ಗುಲಾಬಿ ಹೂವಿನ ಹೊದಿಕೆಗಳೇ. ದೂರು ಮಾತ್ರ ಹೋಗಲಿಲ್ಲ. ಆದರೆ ಅದೆಲ್ಲ ಮರುದಿನದ ಮಾತು. ಆ ಹೊತ್ತಿಗೆ ಫೋನಿನಲ್ಲಿ ಭೀಮಬಾಯಿ ಇನ್ನೂ ಇದ್ದಳು.

“ನನಗ ಕಣ್ಣು ಮೊದಲಿನಂಗ ಕಾಣಲ್ಲ ಯವ್ವಾ. ನಿನ್ನ ಕಡಿ ದೊಡ್ಡ ಪೆಟ್ಟಿಗಿ ಇರ್ತದಂತಲ್ಲ, ಅದರಾಗ ಆ ಫೋಟೋ ನೋಡಿ ಹೇಳು. ಬಲಕ್ಕ, ಬೇಲಿ ಮೂಲ್ಯಾಗ, ಒಂದು ಕುಂಟ ಕುರಿ ನಿಂತಿರ್ಬೇಕು. ಮಡ್ಯಾ ಇಲ್ಲ ಅಂತಾನ.”

ಕೇಶರಬಾಯಿ ಚಿತ್ರವನ್ನು ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ಬೇಲಿ ಒಡೆದು ಕರಿ, ಕಂದು ಚೌಕಗಳಾಯಿತು. ಕುರಿ ಯಾವುದು, ನೆಲ ಯಾವುದು ಗೊತ್ತಾಗಲಿಲ್ಲ. ಪಂಢರಿಯೂ ಎದ್ದು ಬಂದು ಪರದೆಗೆ ಬಗ್ಗಿ ನೋಡಿದ, ತಲೆ ಅಲ್ಲಾಡಿಸಿದ.

“ಕುಂಟ ಕುರಿ ಅದ ಆಯಿ,” ಎಂದಳು ಕೇಶರಬಾಯಿ. “ಹಿಂದ ಉಳಿದಿಲ್ಲ. ಎಲ್ಲಾ ಕುರಿ ಜೋಡಿನೇ ಅದ.”